ಅತ್ತೆಯ ಸಾವಿಗೆ ಬಂದವರು

ನವೆಂಬರ್ 17, 1954, ಬುಧವಾರ

ಇವರು ಸಿದ್ದಾಪುರದ ಎಸ್ಟೇಟಿನಿಂದ ತಂದುಕೊಟ್ಟ ಡೈರಿ ಇದು. ವರ್ಷವೆಲ್ಲ ಖಾಲಿ ಬಿದ್ದಿತ್ತು. ಬರೆದಿಡುವಂಥದ್ದು ನನ್ನ ಬಾಳಿನಲ್ಲಿ ಎಂಥ ನಡೀತಿತ್ತು ಅಂತ! ಈಗ ನಡೆದಿದೆ. ನಿನ್ನೆ ನನ್ನ ಕೈಯಿಂದ ಒಂದು ಜೀವ ಹೋಯಿತು.

ಬೆಳಗ್ಗೆ ಅಂಗಳ ಗುಡಿಸುತ್ತಿದ್ದೆ. ಕೆಳಗಿನ ಗದ್ದೆಯಲ್ಲಿ ಪೈರು ಅಲುಗಾಡಿತು. ಹಂದಿ! ಇನ್ನು ಎರಡು ಮೂರು ವಾರಕ್ಕೆ ಕೊಯ್ಲು, ಈಗ ಬಂದು ಉರುಳಾಡಿದರೆ ಹೊಟ್ಟೆ ಉರಿಯದೆ ಇರುತ್ತಾ? ಇವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಶನಿವಾರ ಮಾತ್ರ ಬರುವುದು. ಇವರ ಅಣ್ಣ ಸಾಂತಪ್ಪ ಭಾವನವರು ಆಗಲೇ ಗದ್ದೆ ಕಡೆ ಇಳಿದಿದ್ದರು. ಅತ್ತೆ ಜ್ವರದಲ್ಲಿ ಮಲಗಿದ್ದರು. ಗೋಡೆಯ ಹಳೇ ಒಂಟಿ ನಳಿಗೆಯ ಕೇಪಿನ ಕೋವಿ ತೆಗೆದೆ. ಅದು ಯಾವಾಗಲೂ ತುಂಬಿಯೇ ಇರುತ್ತದೆ. ಹಲಸಿನ ಮರದ ತುದಿಗಿಂತ ಮೇಲಕ್ಕೆ, ಆಕಾಶಕ್ಕೆ ಹಿಡಿದು ಹೊಡೆದೆ. ಢಂ ಅಂತು. ಅದರ ಬೆನ್ನಿಗೇ ಇನ್ನೊಂದು ಢಂ. ಗುಡ್ಡದ ಮರುದನಿ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಭಾವನವರು ಕೂಗುತ್ತಾ ಓಡಿ ಬಂದರು. ಗದ್ದೆಯ ಏರಿ ಮೇಲೆ ನಮ್ಮ ಕೆಲಸದ ಆಳು ಬೀರ ಬಿದ್ದಿದ್ದ. ಎದೆಗೆ ಗುಂಡು. "ಏನು ಮಾಡಿಬಿಟ್ಟೆ ಯಮುನಾ!" ಅಂದರು ಭಾವನವರು. ನನ್ನ ಕೈಯಲ್ಲಿ ಕೋವಿ ಇನ್ನೂ ಬಿಸಿ ಇತ್ತು.

ಅಷ್ಟರಲ್ಲಿ ಊರವರು ಸಾವಿನ ಮನೆಗೆ ಬರುವ ಹಾಗೆ ಬಿಳಿ ಬಟ್ಟೆ ಹೊದ್ದುಕೊಂಡು ಬರತೊಡಗಿದರು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೊಂದು ಜೋಡಿ ಗುಂಡು. (ಹೆಣ್ಣು ಹುಟ್ಟಿದರೆ ಮದ್ದು ಉಳಿತಾಯ. ನನ್ನ ನೀಲಾವತಿ ಹುಟ್ಟಿದ ದಿನ ಕಾಗೆ ಕೂಡ ಕೂಗಲಿಲ್ಲ.) ಅತ್ತೆಗೆ ಜ್ವರ ಅಂತ ಊರಿಗೆಲ್ಲ ಗೊತ್ತಿತ್ತು. ಪಕ್ಕದ ಮನೆಯ ಬೋಜಮ್ಮಕ್ಕ ದಾರಿಗೆ ಅಡ್ಡ ಹಾಕಿದ ಉಣುಗೋಲಿನ ಹತ್ತಿರವೇ "ಬೊಳ್ಳಮ್ಮಕ್ಕಾ, ನಮ್ಮನ್ನು ಬಿಟ್ಟು ಹೋದೆಯಾ" ಅಂತ ರಾಗ ತೆಗೆದರು. ಅತ್ತೆ ಕೋಲು ಊರಿಕೊಂಡು ಎದ್ದು ಬಂದು, "ಯಾರೇ ಅದು, ನಾನಿನ್ನೂ ಗಂಜಿ ಕುಡಿದಿಲ್ಲ, ಆಗಲೇ ಅಳ್ತಿರೋದು!" ಅಂದರು. ಬೇರೆ ದಿನ ಆಗಿದ್ದರೆ ಊರೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ಪೊಲೀಸರು ಕೋವಿ ತಗೊಂಡು ಹೋದರು. ಭಾವನವರ ಜಾಮೀನಿನ ಮೇಲೆ ನನ್ನನ್ನು ಮನೆಗೆ ಬಿಟ್ಟಿದ್ದಾರೆ. ಆಕಾಶಕ್ಕೆ ಹೊಡೆದ ಗುಂಡು ಏರಿಗೆ ಹೇಗೆ ಇಳಿಯಿತು ದೇವರೇ.

ನವೆಂಬರ್ 20, ಶನಿವಾರ

ವಿರಾಜಪೇಟೆಯಿಂದ ಬೆಳ್ಯಪ್ಪ ವಕೀಲರು ಬಂದಿದ್ದರು. ನಮ್ಮ ಮನೆಯ ಜಮೀನಿನ ವ್ಯವಹಾರ ಎಲ್ಲ ಅವರದ್ದೇ. ಭಾವನವರೇ ಹೇಳಿ ಕರೆಸಿದ್ದು. ಎಷ್ಟು ದೊಡ್ಡ ವಕೀಲರು, ನನ್ನಂಥವಳ ಕೇಸಿಗೆ ಬಂದರಲ್ಲ ಅಂತ ನನಗೇ ನಾಚಿಕೆ ಆಯಿತು. ಇವರೂ ಎಸ್ಟೇಟಿನಿಂದ ಬಂದು ಅಣ್ಣನ ಪಕ್ಕ ಕೈ ಕಟ್ಟಿ ನಿಂತಿದ್ದರು.

ವಕೀಲರು ಕಾಫಿ ಕುಡಿದು ಹೇಳಿದರು: "ನೋಡಮ್ಮ, ಅಜಾಗರೂಕತೆಯಿಂದ ಸಾವು ಅಂತ ಕೇಸು. ಕೇಸು ನಡೆಸಿ ಸೋತರೆ ಎರಡು ವರ್ಷದವರೆಗೂ ಜೈಲು. ತಪ್ಪಾಯ್ತು ಅಂತ ಮೊದಲೇ ಒಪ್ಪಿಕೊಂಡರೆ, ಹೆಂಗಸು, ಸಣ್ಣ ಮಗು ಉಂಟು, ದಂಡದಲ್ಲೇ ಮುಗಿಸಿಯಾರು. ನೀನು ಬಾಯಿ ತೆರೆಯೋದು ಬೇಡ. ಎಲ್ಲ ನಾನು ಹೇಳ್ತೇನೆ."

ವಕಾಲತ್ತಿನ ಕಾಗದ ಕೊಟ್ಟರು. ಭಾವನವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ರುಜು ಹಾಕಿದೆ. ಇಷ್ಟೆಲ್ಲ ಮಾಡುವವರು ಇದ್ದಾರಲ್ಲ, ನನ್ನ ಪುಣ್ಯ.

ನವೆಂಬರ್ 29, ಸೋಮವಾರ

ದಂಡದಲ್ಲೇ ಮುಗಿಯುತ್ತದಂತೆ, ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಅಮ್ಮತ್ತಿ ಸಂತೆಯಲ್ಲಿ ಬೇರೆ ಸುದ್ದಿ. ಈಗ ಬಂದಿರುವ ಮ್ಯಾಜಿಸ್ಟ್ರೇಟರು ಬಿಗಿ ಮನುಷ್ಯ, ಹೋದ ತಿಂಗಳು ಇಂಥದ್ದೇ ಕೇಸಿನಲ್ಲಿ ಒಪ್ಪಿಕೊಂಡವನನ್ನೂ ಒಳಗೆ ಹಾಕಿದರಂತೆ.

ನೀಲಾವತಿ ಸೆರಗು ಬಿಡುವುದಿಲ್ಲ. ಮೂರು ವರ್ಷದ ಗೂಡೆ, ಪುಟ್ಟ ಹೆಣ್ಣು ಮಗು, ನಾನಿಲ್ಲದೆ ಒಂದು ತುತ್ತು ತಿನ್ನುವುದಿಲ್ಲ.

ಡಿಸೆಂಬರ್ 10, ಶುಕ್ರವಾರ. ಹುತ್ತರಿ ಹಬ್ಬ

ಈಗಲೇ ಬರೆಯಬೇಕು, ನಾಳೆಗೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಸಂಜೆ ಹೊಸ ಭತ್ತದ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಇಳಿದರು. ನಾನು ಹೋಗಲಿಲ್ಲ. ಗೂಡೆಯನ್ನು ಎತ್ತಿಕೊಂಡು ಅಂಗಳದಲ್ಲೇ ನಿಂತೆ, ಅವತ್ತು ನಿಂತಿದ್ದ ಜಾಗದಲ್ಲೇ. ಮೊದಲ ಕದಿರು ಕೊಯ್ಯುವ ಮೊದಲು ಭಾವನವರು ವಾಡಿಕೆಯಂತೆ ಆಕಾಶಕ್ಕೆ ಒಂದು ಗುಂಡು ಹೊಡೆದರು. ಅವರದ್ದು ಜೋಡಿ ನಳಿಗೆಯ ಕೋವಿ. ಪೊಲೀಸರು ಅದನ್ನು ಮುಟ್ಟಿರಲಿಲ್ಲ.

ಢಂ ಅಂತು. ಆಮೇಲೆ ಏನೂ ಇಲ್ಲ. ಒಂದು ಉಸಿರು ಬಿಡುವಷ್ಟು ಹೊತ್ತಾದ ಮೇಲೆ, ದೂರದಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ, ಗುಡ್ಡದ ಮರುದನಿ ಬಂತು. ಇದಾ ಮರುದನಿ? ಅವತ್ತಿನದು ಹೀಗಿರಲಿಲ್ಲ. ಅವತ್ತು ನನ್ನ ಗುಂಡಿನ ಬೆನ್ನಿಗೇ ಬಂತು. ಗಟ್ಟಿಯಾಗಿ ಬಂತು. ಗುಡ್ಡದ ಕಡೆಯಿಂದಲ್ಲ, ಕೆಳಗಿನಿಂದ ಬಂತು.

ಅವರೆಲ್ಲ ಬೆಳೆ ಹೆಚ್ಚಲಿ ಅಂತ "ಪೊಲಿ ಪೊಲಿ" ಕೂಗುತ್ತಾ ಕದಿರು ಹೊತ್ತು ಬಂದರು. ನಾನು ಭಾವನವರ ಕಾಲಿಗೆ ನೀರು ಕೊಟ್ಟೆ. ಮುಖ ನೋಡಲು ಆಗಲಿಲ್ಲ.

ಡಿಸೆಂಬರ್ 11, ಶನಿವಾರ

ಬೋಜಮ್ಮಕ್ಕನ ಹತ್ತಿರ ಹೋದೆ. ಅವರು ಬೇಲಿ ಬದಿಯಲ್ಲಿ ಸೌದೆ ಒಟ್ಟುತ್ತಿದ್ದರು. ಅವತ್ತು ನೀವೆಲ್ಲ ಬಿಳಿ ಬಟ್ಟೆ ಹೊದ್ದು ಯಾಕೆ ಬಂದದ್ದು ಅಂತ ಕೇಳಿದೆ.

"ಎಂಥ ಕೇಳ್ತಿ ಮಾರಾಯ್ತಿ! ಜೋಡಿ ಗುಂಡು ಕೇಳಿತು, ಬಂದೆವು."

"ಮರುದನಿ ಇರಬೇಕು ಅಂತ ಅನ್ನಿಸಲಿಲ್ವಾ?"

"ಈ ಊರಲ್ಲಿ ಹುಟ್ಟಿ ಮುದುಕಿ ಆಗಿದ್ದೇನೆ. ಪೈರಿನ ಕಾಲದಲ್ಲಿ ದಿನ ಬೆಳಗಾದರೆ ಹಂದಿಗೆ ಗುಂಡು ಹೊಡೀತಾರೆ. ಮರುದನಿ ಕೇಳಿದಾಗಲೆಲ್ಲ ಬಿಳಿ ಬಟ್ಟೆ ಹುಡುಕೋಕೆ ನನಗೇನು ಬೇರೆ ಕೆಲಸ ಇಲ್ವಾ?"

ಅಂದ ಮೇಲೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆ ಕೇಪಿನ ಕೋವಿಗೆ ಒಂದು ಗುಂಡು ಹೊಡೆದರೆ ಮತ್ತೆ ಮದ್ದು ತುಂಬಿ, ಗಜ ಹಾಕಿ ಜಡಿದು, ಕೇಪು ಇಡಬೇಕು. ಅಷ್ಟರಲ್ಲಿ ಹಂದಿ ಮನೆ ಸೇರಿ ಊಟ ಮಾಡಿರುತ್ತದೆ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಗುಂಡು ಇನ್ನೊಂದು ಕೋವಿಯದ್ದು. ಅವತ್ತು ಬೀರನನ್ನು ಬಿಟ್ಟರೆ ಗದ್ದೆ ಕಡೆ ಇದ್ದದ್ದು ಭಾವನವರು ಒಬ್ಬರೇ.

"ಕೋರ್ಟಿನಲ್ಲಿ ಹೇಳ್ತೀರಾ ಅಕ್ಕಾ?" ಅಂದೆ.

"ನಿಮ್ಮ ಭಾವನ ಗದ್ದೆಯಲ್ಲಿ ನಮ್ಮ ಅನ್ನ ಉಂಟು ಕೂಸೇ. ಕರೆದು ಕೇಳಿದರೆ ಸುಳ್ಳು ಹೇಳೋದಿಲ್ಲ. ಕೇಳದೆ ಹೇಳೋದೂ ಇಲ್ಲ."

ಕೇಳುವವರು ಯಾರು? ಬೆಳ್ಯಪ್ಪನವರು ಕೇಳಬೇಕು.

ಡಿಸೆಂಬರ್ 14, ಮಂಗಳವಾರ

ಗೂಡೆಗೆ ಮದ್ದು ತರುತ್ತೇನೆಂದು ಹೇಳಿ ಬಸ್ಸು ಹತ್ತಿ ವಿರಾಜಪೇಟೆಗೆ ಹೋದೆ. ಬೆಳ್ಯಪ್ಪ ವಕೀಲರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಯಮುನಮ್ಮ, ಈ ಮಾತು ಇನ್ನು ಯಾರ ಹತ್ತಿರವೂ ಆಡಬೇಡ. ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕಾಫಿ ಕುಡಿದಿದ್ದೇನೆ. ಸಾಂತಪ್ಪ ಒಳಗೆ ಹೋದರೆ ಮನೆ ಉಳಿಯುತ್ತಾ? ನಿನ್ನ ಗೂಡೆಗೆ ನೆಲೆ ಎಲ್ಲಿ? ನೀನಾದರೆ ಹೆಂಗಸು. ಹೋದರೂ ಬೇಗ ಬರ್ತಿ."

"ನೀವು ಯಾರ ವಕೀಲರು?" ಅಂತ ಕೇಳಿಬಿಟ್ಟೆ. ಎಲ್ಲಿಂದ ಬಂತೋ ಆ ಮಾತು.

"ನಿನ್ನ ವಕೀಲ."

"ನಿಮ್ಮನ್ನು ಕರೆಸಿದ್ದು ಯಾರು?"

ಗುಮಾಸ್ತನನ್ನು ಕರೆದು ನನ್ನನ್ನು ಬಸ್ಸಿಗೆ ಹತ್ತಿಸಿ ಬರಲು ಹೇಳಿದರು. ಗೌರವವಾಗಿಯೇ ಹೇಳಿದರು. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ಗೂಡೆಗೆ ಮದ್ದು ತಗೊಳ್ಳಲಿಲ್ಲ ಅಂತ.

ಡಿಸೆಂಬರ್ 15, ಬುಧವಾರ

ನಾನು ಹೋದ ಸುದ್ದಿ ನನಗಿಂತ ಮೊದಲು ಮನೆಗೆ ಬಂದಿದೆ. ಭಾವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಊಟಕ್ಕೆ ಕೂತವರು, "ನಾನು ಅವತ್ತು ಕೋವಿ ತಗೊಂಡೇ ಹೋಗಿರಲಿಲ್ಲ, ಗೊತ್ತುಂಟಾ?" ಅಂದರು. ನಾನು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಅತ್ತೆ ಒಲೆ ಹತ್ತಿರ ಕೂತು ಮಗನನ್ನೇ ನೋಡುತ್ತಿದ್ದರು.

ಡಿಸೆಂಬರ್ 19, ಭಾನುವಾರ

ಇವರ ಹತ್ತಿರ ಹೇಳಿದೆ. ತೋಟದ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದೆ. ತಲೆ ತಗ್ಗಿಸಿ ಕೇಳಿದರು.

"ಅಣ್ಣ ಸುಳ್ಳು ಹೇಳ್ತಾನಾ?"

"ನಾನು ಸುಳ್ಳು ಹೇಳ್ತೇನಾ?"

"ವಕೀಲರನ್ನು ಬದಲಿಸಿದರೆ ಅಣ್ಣನ ಮೇಲೆ ನಂಬಿಕೆ ಇಲ್ಲ ಅಂತ ಊರಿಗೆ ಡಂಗುರ ಹೊಡೆದ ಹಾಗೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದ್ದು ಅವನು ಯಮುನಾ."

"ಸಾಕಿದ ಋಣ ನಿಮ್ಮದು. ಜೈಲು ನನಗೆ ಯಾಕೆ?"

ಅಷ್ಟು ಕೆಟ್ಟದಾಗಿ ಇವರ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಇವರು ಊಟ ಮಾಡದೆ ಸಂಜೆ ಬಸ್ಸಿಗೆ ಹೋದರು. ಹೋಗಲಿ. ಅಲ್ಲ, ಹೋಗಬಾರದಿತ್ತು. ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ, ಯಾವುದು ಮೊದಲು ಅಂತ ಗೊತ್ತಾಗುತ್ತಿಲ್ಲ.

ಜನವರಿ 10, 1955, ಸೋಮವಾರ

ನಾಳೆ ಕೋರ್ಟು.

ಜನವರಿ 11, ಮಂಗಳವಾರ

ನಾನು ಏನು ಮಾಡಿಬಿಟ್ಟೆ!

ಕಟಕಟೆಯಲ್ಲಿ ನಿಂತೆ. ಮ್ಯಾಜಿಸ್ಟ್ರೇಟರು ಆರೋಪ ಓದಿಸಿ, "ತಪ್ಪು ಒಪ್ಪಿಕೊಳ್ತೀರಾ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬೆಳ್ಯಪ್ಪನವರು ಎದ್ದು, "ಒಪ್ಪಿಕೊಳ್ತಾರೆ ಸ್ವಾಮಿ, ದಯೆ ತೋರಬೇಕು" ಅಂದರು.

"ಇಲ್ಲ," ಅಂದೆ.

ನನ್ನ ಸ್ವರವೇ ಅಂತ ನನಗೆ ಗೊತ್ತಾದದ್ದು ಎಲ್ಲರೂ ನನ್ನ ಕಡೆ ತಿರುಗಿದಾಗ. ಭಾವ ಬೆಂಚಿನಿಂದ ಅರ್ಧ ಎದ್ದಿದ್ದರು.

"ಸ್ವಾಮಿ, ಇವರು ನಮ್ಮ ಮನೆಯ ವಕೀಲರು. ನನ್ನ ವಕೀಲರಲ್ಲ. ನಾನು ಕರೆಸಿದ್ದಲ್ಲ. ನನಗೆ ಇವರು ಬೇಡ."

ಬೆಳ್ಯಪ್ಪನವರ ಮುಖ ಸುಣ್ಣದ ಗೋಡೆಯ ಹಾಗಾಯಿತು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ನಿಮಗೆ ಇಷ್ಟ ಬಂದ ವಕೀಲರನ್ನು ಇಟ್ಟುಕೊಳ್ಳೋ ಹಕ್ಕು ನಿಮಗುಂಟು. ಅದು ನಿಮ್ಮ ಮನೆಯವರದ್ದಲ್ಲ, ನಿಮ್ಮದು. ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ ಸ್ವಾಮಿ. ಹುಡುಕ್ತೇನೆ."

ಹಿಂದೆ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಈ ತಿಂಗಳ 27ಕ್ಕೆ ಮುಂದೆ ಹಾಕಿದರು.

ಜನವರಿ 12, ಬುಧವಾರ

"ನನ್ನ ಜಾಮೀನು ವಾಪಸ್ ತಗೊಳ್ತೇನೆ. ಇವತ್ತೇ. ನಿನ್ನ ಹೊಸ ವಕೀಲ ಬಿಡಿಸಿಕೊಳ್ಳಲಿ," ಅಂದರು ಸಾಂತಪ್ಪ ಭಾವ. ಜಾಮೀನು ಹೋದರೆ ಸೀದಾ ಜೈಲು. ಗೂಡೆಯ ಬಟ್ಟೆ ಒಂದು ಗಂಟು ಕಟ್ಟಿದೆ, ನನ್ನದು ಒಂದು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದರು. ಕಾಲು ಮುಟ್ಟಿದೆ, ತಿರುಗಲಿಲ್ಲ.

ಸಿದ್ದಾಪುರದ ಬಸ್ಸು ಹತ್ತಿದೆ. ಇವರು ಎಸ್ಟೇಟಿನ ಆಫೀಸಿನಿಂದ ಹೊರಗೆ ಬಂದು ನನ್ನನ್ನು, ಗಂಟುಗಳನ್ನು, ಗೂಡೆಯನ್ನು ನೋಡಿದರು. ಬಾಗಿಲು ಹಾಕಿಕೊಂಡರೆ ಏನು ಮಾಡುವುದು ಅಂತ ಯೋಚಿಸಿಯೂ ಇರಲಿಲ್ಲ ನಾನು.

"ನೀನು ಹೇಳೋದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ," ಅಂದರು. "ಜಾಮೀನಿಗೆ ರುಜು ನಾನು ಹಾಕ್ತೇನೆ. ಮೊದಲು ಗೂಡೆಗೆ ಏನಾದರೂ ತಿನ್ನೋಕೆ ಕೊಡು."

ರೈಟರ ಮನೆ ಎಂದರೆ ಕೂಲಿ ಆಳುಗಳ ಲೈನು ಮನೆಗಳ ತುದಿಯ ಎರಡು ಕೋಣೆ. ಮಾಡಿನಲ್ಲಿ ಇಲಿ ಓಡಾಡುತ್ತದೆ. ಹುತ್ತರಿಯಾದ ಮೇಲೆ ಇವತ್ತೇ ನನಗೆ ಹಸಿವಾದದ್ದು.

ಜನವರಿ 15, ಶನಿವಾರ

ಇವರ ಜೊತೆ ವಿರಾಜಪೇಟೆಯಲ್ಲಿ ವಕೀಲರ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ನೋವು. ಒಬ್ಬರು "ಬೆಳ್ಯಪ್ಪನವರು ಬಿಟ್ಟ ಕೇಸಿಗೆ ಕೈ ಹಾಕೋದಿಲ್ಲ" ಅಂದರು. ಅವರು ಬಿಟ್ಟದ್ದಲ್ಲ, ನಾನು ಬಿಟ್ಟದ್ದು ಅಂದೆ. "ಅದು ಇನ್ನೂ ಕಷ್ಟ" ಅಂದರು. ಇನ್ನೊಬ್ಬರು ಭಾವನ ಹೆಸರು ಕೇಳಿದೊಡನೆ ಊಟದ ಹೊತ್ತು ಅಂದರು. ಆಗಿನ್ನೂ ಬೆಳಗಿನ ಹತ್ತೂವರೆ.

ಕಡೆಗೆ ಬಟ್ಟೆ ಅಂಗಡಿಯ ಮೇಲಿನ ಕೋಣೆ. ಪದ್ಮಯ್ಯ ಅಂತ ಮುದಿ ವಕೀಲರು. ಕೋಟಿನ ಮೇಲೆಲ್ಲ ನಶ್ಯ, ಮಾತಿಗೊಂದು ಸೀನು. ಕೋರ್ಟಿನಲ್ಲಿ ಅವರು ಎದ್ದರೆ ಗುಮಾಸ್ತರು ಮುಸಿಮುಸಿ ನಗುತ್ತಾರಂತೆ, ಅವರೇ ಹೇಳಿದ್ದು. ನಮ್ಮ ಗ್ರಹಚಾರ ಅಂದುಕೊಂಡು ಕೂತೆವು. ಅವರು ಭಾವನ ಹೆಸರು ಕೇಳಲಿಲ್ಲ, ಬೆಳ್ಯಪ್ಪನವರ ಮಾತೂ ಎತ್ತಲಿಲ್ಲ. ನಶ್ಯದ ಡಬ್ಬಿ ಮುಚ್ಚಿ, "ಅವತ್ತು ನೀನು ಎಂಥ ನೋಡಿದೆ? ಎಂಥ ಕೇಳಿದೆ? ಮೊದಲಿಂದ ಹೇಳಮ್ಮ" ಅಂದರು.

ಅತ್ತುಬಿಟ್ಟೆ. ಬೀರ ಸತ್ತ ದಿನದಿಂದ ಎಲ್ಲರೂ ನಾನು ಏನು ಹೇಳಬೇಕು ಅಂತ ಹೇಳಿಕೊಟ್ಟಿದ್ದಾರೆ. ಏನು ಕೇಳಿದೆ ಅಂತ ಕೇಳಿದ್ದು ಈ ಮನುಷ್ಯ ಒಬ್ಬರೇ.

ಎಲ್ಲ ಕೇಳಿ ಅವರು ಹೇಳಿದರು: "ಒಂದು ಮಾತು. ಇನ್ನೊಂದು ಗುಂಡು ಯಾರದ್ದು ಅಂತ ನಾನು ಕೋರ್ಟಿನಲ್ಲಿ ಕೇಳಿದರೆ ಅದು ನಿನ್ನ ಮನೆಗೇ ಹೋಗಿ ತಗಲ್ತದೆ. ನಾನು ನಿನ್ನ ವಕೀಲ, ನೀನು ಕೇಳು ಅಂದರೆ ಕೇಳ್ತೇನೆ, ಬೇಡ ಅಂದರೆ ಇಲ್ಲ. ಯೋಚನೆ ಮಾಡು." ಇವರು ನನ್ನ ಮುಖ ನೋಡಿದರು. ನಾಳಿದ್ದು ಹೇಳುತ್ತೇನೆ ಅಂದೆ.

ಜನವರಿ 16, ಭಾನುವಾರ

ಲಿಂಗಿಯನ್ನು ನೋಡಲು ಹೋಗಿದ್ದೆ. ಬೀರನ ಹೆಂಡತಿ. ಈಗ ಇದೇ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಬರುತ್ತಾಳೆ. ಇಷ್ಟು ದಿನ ಆದರೂ ಅವಳ ಎದುರು ಹೋಗಿರಲಿಲ್ಲ ನಾನು. ಕಲ್ಲು ಎತ್ತಿ ಹೊಡೆದರೂ ಹೊಡೆಸಿಕೊಳ್ಳೋಣ ಅಂತಲೇ ಹೋದೆ. ಅವಳು ಒಳಗೂ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ನಾ ಹೊಡೆದ ಗುಂಡಲ್ಲ ಲಿಂಗಿ. ಇನ್ನೊಂದು ಕೋವಿ ಇತ್ತು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅವನು ಸತ್ತದ್ದು ಹಂದಿ ಅಂತ ತಿಳಿದು ಹೊಡೆದದ್ದಕ್ಕೇ ಇರಬಹುದು ಅಮ್ಮ. ಆದರೆ ಹೊಡೆದವರು ನಾನು ಅಂತ ಹೇಳಬೇಕಲ್ಲ. ಹೇಳದೆ ಹೋದರೆ ಅವನು ಹಂದಿಯೇ ಆಗಿಬಿಟ್ಟ."

ಇವರಿಗೆ ಹೇಳಿದೆ, ನಾಳೆ ಪದ್ಮಯ್ಯನವರಿಗೆ ಹೇಳಿಬಿಡಿ, ಕೇಳಲಿ ಅಂತ. "ಸರಿ" ಅಂದರು.

ಜನವರಿ 27, ಗುರುವಾರ

ಕೋರ್ಟು ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಅತ್ತೆ! ಬೋಜಮ್ಮಕ್ಕನ ತೋಳು ಹಿಡಿದು ಬಂದಿದ್ದರು. ದೊಡ್ಡ ಮಗನ ಪರವಾಗಿ ಬಂದಿದ್ದಾರೆ ಅಂದುಕೊಂಡೆ. ತಪ್ಪೇನು, ತಾಯಿ.

ಸಾಂತಪ್ಪ ಭಾವ ಸಾಕ್ಷಿ ಹೇಳಿದರು. ಕೋವಿ ಒಯ್ದಿರಲಿಲ್ಲ, ಒಂದೇ ಗುಂಡು ಕೇಳಿತು, ಓಡಿದೆ, ತಮ್ಮನ ಹೆಂಡತಿಯ ಕೈಯಲ್ಲಿ ಕೋವಿ ಇತ್ತು. ಒಂದು ಅಕ್ಷರ ತಡವರಿಸಲಿಲ್ಲ.

ಪದ್ಮಯ್ಯನವರು ಎದ್ದರು, ಸೀನಿದರು. ಯಾರೋ ನಕ್ಕರು.

"ಅವತ್ತು ನಿಮ್ಮ ಮನೆಗೆ ಊರವರು ಬಂದಿದ್ದರಾ?"

"ಬಂದಿದ್ದರು. ಗುಂಡಿನ ಶಬ್ದ ಕೇಳಿ."

"ಪೈರಿನ ಕಾಲದಲ್ಲಿ ದಿನಾ ಗುಂಡು. ದಿನಾ ಬರ್ತಾರಾ?"

"ಇಲ್ಲ."

"ಅವತ್ತು ಹೇಗೆ ಬಂದರು? ಏನು ಹೊದ್ದುಕೊಂಡಿದ್ದರು?"

ಭಾವ ಕಣ್ಣಿನಲ್ಲೇ ಬೆಳ್ಯಪ್ಪನವರನ್ನು ಹುಡುಕಿದರು. ಅವರು ಇವತ್ತು ಬಂದಿರಲಿಲ್ಲ.

"ಬಿಳಿ ಬಟ್ಟೆ."

"ಯಾರ ಸಾವಿಗೆ?"

"ಅವ್ವ... ನಮ್ಮ ಅವ್ವ ಹೋದರು ಅಂತ ತಿಳಿದು."

"ನಿಮ್ಮಲ್ಲಿ ಸಾವಿಗೆ ಎಷ್ಟು ಗುಂಡು ಸಾಂತಪ್ಪನವರೇ?"

ಭಾವ ಕಟಕಟೆಯ ಮರ ಹಿಡಿದುಕೊಂಡರು. ಸಾಕು, ಬಿಡಿ ಅನ್ನೋಣ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಇದೇ ಮನುಷ್ಯ ನನ್ನ ಮದುವೆಯಲ್ಲಿ ನಿಂತು ಓಡಾಡಿ ಬಡಿಸಿದವರು.

ಆಗ ಹಿಂದಿನಿಂದ ಅತ್ತೆಯ ಸ್ವರ ಕೇಳಿತು. "ಹೇಳು ಸಾಂತಪ್ಪ. ನಾನು ಬದುಕಿದ್ದೇನಲ್ಲ, ಹೇಳು."

ಕೋರ್ಟಿನ ಡವಾಲಿ ಜವಾನ ಸುಮ್ಮನಿರಿ ಅಂತ ಗದರಿದ. ಮ್ಯಾಜಿಸ್ಟ್ರೇಟರು ಕೈ ಎತ್ತಿ ಅವನನ್ನು ತಡೆದರು. ಭಾವ ತಾಯಿಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು: "ಎರಡು."

"ಆ ಹೆಂಗಸಿನ ಕೈಯಲ್ಲಿದ್ದ ಕೋವಿಯಲ್ಲಿ?"

"ಒಂದು."

ಪದ್ಮಯ್ಯನವರು ಕೂತುಬಿಟ್ಟರು. ಇನ್ನೂ ಏನಾದರೂ ಕೇಳುತ್ತಾರೆ ಅಂತ ಎಲ್ಲರೂ ಕಾದರು. ಅವರು ನಶ್ಯದ ಡಬ್ಬಿ ಹುಡುಕುತ್ತಿದ್ದರು.

ಬೋಜಮ್ಮಕ್ಕನನ್ನು ಕರೆದು ಕೇಳಿದರು. ಅವರೂ ಜೋಡಿ ಗುಂಡು ಅಂದರು. ಸಂಜೆ ಪೊಲೀಸರು ಮನೆಗೆ ಹೋಗಿ ಜೋಡಿ ನಳಿಗೆಯ ಕೋವಿ ತಂದರಂತೆ. ಇವರು ಕೋಣೆಯ ಹೊರಗೆ ಕೂತಿದ್ದಾರೆ, ಒಳಗೆ ಬಂದಿಲ್ಲ. ಕರೆಯುವುದಿಲ್ಲ ನಾನು. ಅಣ್ಣ ಅಲ್ಲವಾ.

ಫೆಬ್ರವರಿ 9, ಬುಧವಾರ

ಬಿಟ್ಟರು. ನನ್ನ ಮೇಲೆ ಏನೂ ಇಲ್ಲ ಅಂತ ಮ್ಯಾಜಿಸ್ಟ್ರೇಟರು ಓದಿದರು. ಸಾಂತಪ್ಪ ಭಾವನ ಮೇಲೆ ಕೇಸು ಹಾಕಿದ್ದಾರೆ. ನನ್ನ ಗುಂಡಿನ ಶಬ್ದ ಕೇಳಿ ಹಂದಿ ತಮ್ಮ ಕಡೆ ನುಗ್ಗಿತು ಅಂತ ತಿಳಿದು, ಪೈರು ಅಲುಗಿದ ಕಡೆ ಹೊಡೆದರಂತೆ. ಈಗ ಎಲ್ಲ ಒಪ್ಪಿಕೊಂಡಿದ್ದಾರೆ. ಅವರಿಗೆ ಬೆಳ್ಯಪ್ಪನವರೇ ವಕೀಲರು. ಅವರೇ ಆರಿಸಿಕೊಂಡದ್ದು, ಒಳ್ಳೆಯದಾಗಲಿ. ಲಿಂಗಿ ಕೋರ್ಟಿನ ಜಗಲಿಯಲ್ಲಿ ನಿಂತಿದ್ದಳು. ನನ್ನ ಹತ್ತಿರ ಬರಲಿಲ್ಲ, ದೂರದಿಂದಲೇ ತಲೆ ಆಡಿಸಿದಳು.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಕೂತಿದ್ದರು, ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಊರಿಗೆ ಹೋಗುವ ಅಮ್ಮತ್ತಿಯ ಬಸ್ಸು ನಿಂತೇ ಇತ್ತು. ಇವರು ಗಂಟು ಎತ್ತಿಕೊಂಡು, "ಬಾ ಅವ್ವ, ಹತ್ತಿಸ್ತೇನೆ, ಬಸ್ಸು ಹೊರಡ್ತದೆ" ಅಂದರು.

ಅತ್ತೆ ಏಳಲಿಲ್ಲ. ನೀಲಾವತಿಯನ್ನು ಹತ್ತಿರ ಎಳೆದುಕೊಂಡು ಅವಳ ಮೂಗು ಒರೆಸಿದರು.

"ಸಿದ್ದಾಪುರದ ಬಸ್ಸು ಬರಲಿ," ಅಂದರು. "ಆ ಮನೆಯಲ್ಲಿ ನನಗೆ ಗುಂಡು ಹೊಡೆದಾಯ್ತು, ಊರವರು ಬಂದು ಅತ್ತೂ ಆಯ್ತು. ಇನ್ನು ಅಲ್ಲಿಗೆ ಹೋಗಿ ಎಂಥ ಮಾಡ್ಲಿ?"